ಬಿಸಿಲಿಗೆ ಮೋಟರ್‌ಹೋಮ್ ಫ್ರಿಜ್ ತಂಪಾಗ್ತಿಲ್ಲ, ಫ್ಯಾನ್ ಹಾಕಿದ್ರೆ ಸರಿ ಹೋಗುತ್ತಾ?

ಪ್ರಶ್ನೆ

ನಮ್ಮ ಮೋಟರ್‌ಹೋಮ್‌ನಲ್ಲಿ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಓಡಾಡುವ ಗಾಡಿ) ಇರುವುದು ಗ್ಯಾಸ್, 230 ವೋಲ್ಟ್, 12 ವೋಲ್ಟ್ ಮೂರರಲ್ಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್. ತಂಪು ದಿನಗಳಲ್ಲಿ ಏನೂ ತೊಂದರೆ ಇಲ್ಲ. ಹೊರಗೆ 35 ಡಿಗ್ರಿ ದಾಟಿತು ಅಂದರೆ ಒಳಗೆ 12ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಲು ಸಂಜೆಯೊಳಗೆ ಒಡೆದಿರುತ್ತದೆ. ಹಿಂದುಗಡೆ ಕಂಪ್ಯೂಟರ್ ಫ್ಯಾನ್ ಕೂರಿಸಿ ಅಂತ ಹೇಳುವವರಿದ್ದಾರೆ. ಹಾಕಿ ನೋಡಿದವರು ಯಾರಾದರೂ ಇದ್ದೀರಾ? ಎಲ್ಲಿ ಹಾಕಿದಿರಿ, ಫರಕು ಗೊತ್ತಾಗುವಷ್ಟು ಬಂತಾ?

ಉತ್ತರ

ಹಾಕಿದ್ದೇನೆ, ಫರಕು ಬಂದಿದೆ. ಆದರೆ ಫ್ಯಾನ್ ತಾನಾಗಿ ತಂಪು ಮಾಡುವುದಿಲ್ಲ, ಬಿಸಿಯನ್ನು ಹೊರಗೆ ಸಾಗಿಸುತ್ತದೆ ಅಷ್ಟೇ. ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. ಮುಚ್ಚಿದ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗಡೆ ಕಾಯಿಸಿದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ಮೇಲ್ಭಾಗದಲ್ಲಿ ತೆಳು ತಗಡಿನ ರೆಕ್ಕೆಗಳ ಸಾಲು ಇದೆಯಲ್ಲ, ಅದೇ ಕಂಡೆನ್ಸರ್. ಅಲ್ಲಿ ಬಿಸಿ ಬಿಟ್ಟು ದ್ರವವಾದರೆ ಮಾತ್ರ ಮುಂದಿನ ಕೆಲಸ. ಅಲ್ಲಿ ಗಾಳಿ ಆಡದೆ ಕುದಿಯುತ್ತಿದ್ದರೆ ನೀವು ನಾಬ್ ಎಷ್ಟು ತಿರುಗಿಸಿದರೂ ವ್ಯರ್ಥ.

ಹಾಗಾಗಿ ಮೊದಲು ಗಾಳಿಯ ದಾರಿ ನೋಡಿ. ಹೊರಗಿನ ಗೋಡೆಯಲ್ಲಿ ಕೆಳಗೊಂದು, ಮೇಲೊಂದು ಜಾಲರಿ ಇರುತ್ತದೆ. ತೆಳು ಟಿಶ್ಯೂ ಪಟ್ಟಿಯೊಂದನ್ನು ಕೆಳಗಿನ ಜಾಲರಿಯ ಮುಂದೆ ಹಿಡಿಯಿರಿ. ಫ್ರಿಜ್ ಚೆನ್ನಾಗಿ ಬಿಸಿಯಾಗಿರುವಾಗ ಪಟ್ಟಿ ಒಳಮುಖವಾಗಿ ವಾಲಬೇಕು. ಸುಮ್ನೆ ನೇತಾಡುತ್ತಿದ್ದರೆ ದಾರಿ ಎಲ್ಲೋ ಕಟ್ಟಿದೆ. ಚಳಿಗಾಲದ ಮುಚ್ಚಳ ಇನ್ನೂ ಜಾಲರಿಯ ಮೇಲೇ ಇದ್ದರೆ ತೆಗೆಯಿರಿ. ಜೇಡರ ಬಲೆ, ಧೂಳು ಗುಡಿಸಿ.

ಆಮೇಲೆ ಮೇಲಿನ ಜಾಲರಿ ಬಿಚ್ಚಿ ಟಾರ್ಚ್ ಹಾಕಿ. ಫ್ರಿಜ್ ಬೆನ್ನಿಗೂ ಗೋಡೆಗೂ ನಡುವೆ ಜಾಗ ಜಾಸ್ತಿ ಇದ್ದರೆ ಗಾಳಿ ರೆಕ್ಕೆಗಳನ್ನು ಮುಟ್ಟದೆ ಪಕ್ಕದಲ್ಲೇ ಜಾರಿಹೋಗುತ್ತದೆ. ತೆಳು ಅಲ್ಯೂಮಿನಿಯಂ ತಗಡು ಬಗ್ಗಿಸಿ ಗೋಡೆ ಕಡೆಗೆ ಕೂರಿಸಿದರೆ ಗಾಳಿ ರೆಕ್ಕೆಗಳ ಮಧ್ಯೆಯೇ ಹಾಯಬೇಕಾಗುತ್ತದೆ. ನನ್ನನ್ನು ಕೇಳಿದರೆ ಫ್ಯಾನ್‌ಗಿಂತ ಈ ತಗಡೇ ಮುಖ್ಯ.

ಉತ್ತರ

ಮೇಲಿನವರು ಹೇಳಿದ್ದಕ್ಕೆ ಫ್ಯಾನ್ ವಿಷಯ ಸೇರಿಸುತ್ತೇನೆ. 120 ಮಿಲಿಮೀಟರ್‌ನ 12 ವೋಲ್ಟ್ ಫ್ಯಾನ್ ಎರಡು ಸಾಕು. ರೆಕ್ಕೆಗಳ ಸ್ವಲ್ಪ ಕೆಳಗೆ, ಮೇಲ್ಮುಖವಾಗಿ ಊದುವಂತೆ ಬ್ರಾಕೆಟ್ ಹಾಕಿ. ಅಲ್ಲಿ ಜಾಗ ಸಿಗದಿದ್ದರೆ ಮೇಲಿನ ಜಾಲರಿಯ ಒಳಬದಿಯಲ್ಲಿ, ಬಿಸಿ ಗಾಳಿಯನ್ನು ಹೊರಗೆ ತಳ್ಳುವಂತೆ. ಮೇಲಿನಿಂದ ಒಳಗೆ ಊದಿಸಬೇಡಿ. ಬಿಸಿ ಗಾಳಿ ತಾನಾಗಿ ಮೇಲೇರುತ್ತಿರುತ್ತದೆ, ಅದಕ್ಕೆ ಎದುರು ನಿಂತ ಹಾಗಾಗುತ್ತದೆ.

ಒಂದೊಂದು ಫ್ಯಾನ್ ಎಳೆಯುವುದು ಸುಮಾರು 0.1ರಿಂದ 0.2 ಆಂಪಿಯರ್. ಬ್ಯಾಟರಿ ಖಾಲಿಯಾದೀತು ಅನ್ನುವ ಭಯ ಬೇಡ. ಆದರೂ ರಾತ್ರಿಯೆಲ್ಲ ಓಡುವ ಅಗತ್ಯ ಇಲ್ಲ, ಅಲ್ವಾ? ಅದಕ್ಕೆ ಕೆ.ಎಸ್.ಡಿ. 301 ಅನ್ನುವ ಚಿಕ್ಕ ಥರ್ಮಲ್ ಸ್ವಿಚ್ ಇದೆ. ನಾರ್ಮಲಿ ಓಪನ್ ಜಾತಿಯದು (ತಣ್ಣಗಿರುವಾಗ ಆಫ್ ಇರುವಂಥದ್ದು), 40ರಿಂದ 45 ಡಿಗ್ರಿಗೆ ಆನ್ ಆಗುವುದನ್ನು ತಂದು ಕಂಡೆನ್ಸರ್ ರೆಕ್ಕೆಗೆ ಬಿಗಿಯಿರಿ. ಲೀಷರ್ ಬ್ಯಾಟರಿಯಿಂದ (ಎಂಜಿನ್‌ನದಲ್ಲ, ಒಳಗಿನ ದೀಪ, ಫ್ಯಾನ್‌ಗಳಿಗೆ ಇರುವ ಬ್ಯಾಟರಿ) ತಂತಿ ಎಳೆದರೆ ಫ್ಯೂಸ್ ಬ್ಯಾಟರಿ ತುದಿಯಲ್ಲಿರಲಿ, 1 ಆಂಪಿಯರ್ ಧಾರಾಳ.

ಸದ್ದು ಕಿರಿಕಿರಿ ಮಾಡಿದರೆ ಒಂದೇ ಮಾದರಿಯ ಎರಡು ಫ್ಯಾನ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ ಜೋಡಿಸಿ ನೋಡಿ. ತಲಾ 6 ವೋಲ್ಟ್ ಹತ್ತಿರ ಸಿಕ್ಕಿ ನಿಧಾನವಾಗಿ ತಿರುಗುತ್ತವೆ. ಕೆಲವು ಫ್ಯಾನ್ ಅಷ್ಟಕ್ಕೆ ಶುರುವಾಗುವುದಿಲ್ಲ, ಕೂರಿಸುವ ಮೊದಲೇ ಮೇಜಿನ ಮೇಲೆ ಪರೀಕ್ಷೆ ಮಾಡಿ. ನಮ್ಮ ಹಾಸಿಗೆ ಫ್ರಿಜ್ ಪಕ್ಕದಲ್ಲೇ ಇರುವುದರಿಂದ ನನಗೆ ಈ ಉಪಾಯ ಬೇಕೇ ಬೇಕಾಯಿತು.

ಉತ್ತರ

ಒಳಗೂ ಒಂದು ಪುಟ್ಟ ಫ್ಯಾನ್ ಇಡಿ. ಬ್ಯಾಟರಿ ಸೆಲ್ಲಿನದೇ ಸಿಗುತ್ತದೆ. ಕೆಳಗಿನ ತಟ್ಟೆ ತಣ್ಣಗೆ, ಮೇಲಿನದು ಬೆಚ್ಚಗೆ ಅನ್ನುವ ತಾಪತ್ರಯ ಕಮ್ಮಿಯಾಗುತ್ತದೆ. ಡಬ್ಬಿಗಳನ್ನು ಒತ್ತಿ ತುಂಬಿದರೆ ಮಾತ್ರ ಅದೂ ಏನೂ ಮಾಡಲಾರದು.

ಪ್ರಶ್ನೆ ಕೇಳಿದವರು

ಟಿಶ್ಯೂ ಹಿಡಿದು ನೋಡಿದೆ, ಅಲ್ಲಾಡಲೇ ಇಲ್ಲ! ಮೇಲಿನ ಜಾಲರಿ ಬಿಚ್ಚಿದರೆ ಹಿಂದೆ ಅಂಗೈ ಅಡ್ಡ ತೂರುವಷ್ಟು ಜಾಗ. ತಗಡು ಹಾಕುತ್ತೇನೆ. ಗ್ಯಾಸ್‌ನಲ್ಲಿ ಓಡುವಾಗ ಫ್ಯಾನ್ ಇದ್ದರೆ ಅಪಾಯವೇ? ಮತ್ತೆ, 12 ವೋಲ್ಟ್‌ನಲ್ಲಿ ಯಾವಾಗಲೂ ಸ್ವಲ್ಪ ಸೊರಗುತ್ತದೆ, ಅದೂ ಇದರಿಂದ ಸರಿಹೋಗುತ್ತಾ?

ಉತ್ತರ

ಗ್ಯಾಸ್ ವಿಷಯದಲ್ಲಿ ಹುಷಾರಾಗಿರಿ. ಫ್ಯಾನ್ ಗಾಳಿ ಬರ್ನರ್ ಕಡೆ ಹೋಗಬಾರದು, ಜ್ವಾಲೆ ಆರಬಹುದು. ಸುಟ್ಟ ಗ್ಯಾಸ್ ಹೊರಹೋಗುವ ಫ್ಲೂ ಕೊಳವೆಯಿಂದ ಫ್ಯಾನ್, ತಂತಿ, ಪ್ಲಾಸ್ಟಿಕ್ ಎಲ್ಲವೂ ದೂರ ಇರಲಿ. ತಗಡು ಫ್ಲೂ ಬಾಯಿಗೆ ಅಡ್ಡ ಬರಬಾರದು. ಫ್ರಿಜ್ ಬೆನ್ನಿನ ಗೂಡಿಗೂ ನೀವು ಮಲಗುವ ಜಾಗಕ್ಕೂ ನಡುವಿನ ಸೀಲ್ ಗಟ್ಟಿಯಾಗಿರಬೇಕು. ಸುಟ್ಟ ಗ್ಯಾಸ್ ಒಳಗೆ ಬಂದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲದ ಭಯ, ಅದಕ್ಕೆ ವಾಸನೆಯೂ ಇಲ್ಲ. ಅದನ್ನು ಪತ್ತೆ ಮಾಡುವ ಅಲಾರಂ ಇಲ್ಲದಿದ್ದರೆ ಫ್ಯಾನ್‌ಗಿಂತ ಮೊದಲು ಅದನ್ನು ತನ್ನಿ. ಗ್ಯಾಸ್ ಪೈಪನ್ನು ನೀವು ಮುಟ್ಟಬೇಡಿ, ಗೊತ್ತಿರುವ ಮೆಕ್ಯಾನಿಕ್ ಮಾಡಲಿ.

12 ವೋಲ್ಟ್ ಕಥೆ ಬೇರೆ. ಅಲ್ಲಿ ಹೀಟರ್ ಎಳೆಯುವುದು ಹತ್ತು ಆಂಪಿಯರ್‌ಗೂ ಜಾಸ್ತಿ. ತಂತಿ ಸಣ್ಣದಿದ್ದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದು ಹೀಟರ್ ಸರಿಯಾಗಿ ಕಾಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಫ್ರಿಜ್ ಹಿಂದಿನ ಟರ್ಮಿನಲ್‌ನಲ್ಲೇ ಮೀಟರ್ ಇಟ್ಟು ನೋಡಿ. 12ಕ್ಕಿಂತ ಕೆಳಗಿದ್ದರೆ ದಪ್ಪ ತಂತಿ ಬೇಕು, ಅದಕ್ಕೆ ಫ್ಯಾನ್ ಮದ್ದಲ್ಲ. ತಂತಿ ಸರಿ ಇದ್ದರೂ 12 ವೋಲ್ಟ್ ಇರುವುದು ಆಗಲೇ ಆಗಿರುವ ತಂಪನ್ನು ದಾರಿಯಲ್ಲಿ ಉಳಿಸಿಕೊಳ್ಳಲು. ಹೊರಡುವ ಹಿಂದಿನ ರಾತ್ರಿಯೇ 230 ವೋಲ್ಟ್‌ಗೆ ಹಾಕಿಡಿ. ಗಾಡಿಯನ್ನು ಸಮತಟ್ಟಾಗಿ, ಜಾಲರಿ ಇರುವ ಬದಿಗೆ ನೆರಳು ಬರುವಂತೆ ನಿಲ್ಲಿಸಿ.

ಫ್ರಿಜ್ ಒಳಗಿನ ಲೇಬಲ್ ಓದಿದ್ದೀರಾ? ಹವಾಮಾನ ವರ್ಗ ಎನ್ ಅಂತ ಇದ್ದರೆ ಅದನ್ನು ಮಾಡಿರುವುದೇ 32 ಡಿಗ್ರಿವರೆಗಿನ ಹೊರಗಿನ ಬಿಸಿಗೆ. ಎಸ್‌ಟಿ ಆದರೆ 38, ಟಿ ಆದರೆ 43. ನಿಮ್ಮದು ಎನ್ ಆದರೆ ಫ್ಯಾನ್ ಹಾಕಿಯೂ 40ರ ಬಿಸಿಲಲ್ಲಿ 4 ಡಿಗ್ರಿ ಬರಲಿಲ್ಲ ಅಂತ ಕೊರಗಬೇಡಿ.

ಉತ್ತರ

ಟಾರ್ಚ್ ಹಾಕಿದಾಗ ಕೊಳವೆಗಳ ಮೇಲೆ ಹಳದಿ ಪುಡಿ ಕಂಡಿತಾ? ಮೂಗಿಗೆ ಅಮೋನಿಯಾ ಘಾಟು ಹೊಡೆಯಿತಾ? ಹಾಗಿದ್ದರೆ ಸೋರಿಕೆ, ಫ್ರಿಜ್ ಆಫ್ ಮಾಡಿ, ಫ್ಯಾನಿಗೆ ದುಡ್ಡು ಸುರಿಯಬೇಡಿ. ಇಲ್ಲದಿದ್ದರೆ ಮೊದಲು ತಗಡು ಹಾಕಿ ಒಂದು ಬಿಸಿಲ ದಿನ ಓಡಿಸಿ, ಲೋಟದ ನೀರಲ್ಲಿ ಥರ್ಮಾಮೀಟರ್ ಅದ್ದಿಟ್ಟು ಒಳಗಿನ ತಾಪ ಬರೆದಿಡಿ. ಫ್ಯಾನ್ ಆಮೇಲೆ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಲಸ ಮಾಡಿದ್ದು ಯಾವುದು ಅಂತ ನಮಗೆ ಹೇಳೋಕಾಗಲ್ಲ ನಿಮಗೆ!