ಇಮೇಲ್ ತಂತ್ರಾಂಶ ಬದಲಿಸಿದ ಮೇಲೆ ಹಳೆಯ ಪತ್ರಗಳ ಚಿತ್ರಗಳು ಕಾಣಿಸುತ್ತಿಲ್ಲ

ಪ್ರಶ್ನೆ: ನಿವೃತ್ತ ಅಧ್ಯಾಪಕ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ವಾಚನಾಲಯದ ಪತ್ರವ್ಯವಹಾರವನ್ನು ಹಲವು ವರ್ಷಗಳಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಇಷ್ಟು ಕಾಲವೂ ವಿಂಡೋಸ್ 7 ಇದ್ದ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಲೈವ್ ಮೇಲ್ ಬಳಸುತ್ತಿದ್ದೆ. ಅದಕ್ಕೆ 2017ರ ಜನವರಿಯಲ್ಲಿಯೇ ತಯಾರಕರ ಬೆಂಬಲ ನಿಂತಿತ್ತಾದರೂ ಕೈಗೆ ಒಗ್ಗಿದ್ದನ್ನು ಬಿಡಲು ಮನಸ್ಸಾಗಿರಲಿಲ್ಲ. ಕಳೆದ ತುಲಾಮಾಸದ ಸಿಡಿಲಿಗೆ ಆ ಯಂತ್ರದ ಮದರ್‌ಬೋರ್ಡ್ ಸುಟ್ಟುಹೋಯಿತು. ಪುಣ್ಯಕ್ಕೆ ಹಾರ್ಡ್ ಡಿಸ್ಕಿಗೆ ಏನೂ ಆಗಲಿಲ್ಲ. ಪರಿಚಯದ ಹುಡುಗನೊಬ್ಬ ಅದರಲ್ಲಿದ್ದ ಪತ್ರಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ನಕಲು ಮಾಡಿ, ಥಂಡರ್‌ಬರ್ಡ್ ತಂತ್ರಾಂಶಕ್ಕೆ ಸೇರಿಸಿಕೊಟ್ಟ. ಅಕ್ಷರಗಳು ಸರಿಯಾಗಿವೆ, ದಿನಾಂಕಗಳೂ ಸರಿಯಾಗಿವೆ. ಚಿತ್ರಗಳು ಮಾತ್ರ ಕಾಣಿಸುವುದಿಲ್ಲ.

ಕಾಣಿಸದಿರುವುದೂ ಎಲ್ಲ ಪತ್ರಗಳಲ್ಲಿ ಒಂದೇ ಬಗೆಯಾಗಿಲ್ಲ. ಪ್ರಕಾಶಕರಿಂದ ಈಗ ಬರುವ ಪುಸ್ತಕಪಟ್ಟಿಗಳಲ್ಲಿ ಚಿತ್ರವಿರಬೇಕಾದ ಜಾಗ ಖಾಲಿ ಇರುತ್ತದೆ, ಮೇಲುಗಡೆ ಒಂದು ಎಚ್ಚರಿಕೆಯ ಪಟ್ಟಿ ಬರುತ್ತದೆ. ಇವೇ ಪತ್ರಗಳನ್ನು ಬ್ರೌಸರಿನಲ್ಲಿ ಜಿಮೇಲ್ ತೆರೆದು ನೋಡಿದರೆ ಚಿತ್ರಗಳು ಚೆನ್ನಾಗಿಯೇ ಇವೆ. ಹಳೆಯ ಆಮಂತ್ರಣ ಪತ್ರಗಳಲ್ಲಿ ಕೆಲವು ಸರಿಯಾಗಿವೆ, ಕೆಲವುಗಳಲ್ಲಿ ಹರಿದ ಕಾಗದದಂತಹ ಗುರುತು ಮಾತ್ರ ಇದೆ. ಮುಂಬಯಿಯಲ್ಲಿರುವ ನಮ್ಮೂರಿನವರೊಬ್ಬರು ಸ್ಕ್ಯಾನ್ ಮಾಡಿ ಕಳುಹಿಸಿದ್ದ ಯಕ್ಷಗಾನ ಪ್ರಸಂಗದ ಹಸ್ತಪ್ರತಿಯ ಪುಟಗಳಂತೂ ಪತ್ರದ ಅಡಿಯಲ್ಲಿ ಕಡತದ ಹೆಸರಾಗಿ ಉಳಿದಿವೆಯೇ ಹೊರತು ಮೊದಲಿನಂತೆ ಪತ್ರದೊಳಗೆ ತೆರೆದುಕೊಳ್ಳುವುದಿಲ್ಲ. ಇವೆಲ್ಲ ವರ್ಗಾವಣೆಯಲ್ಲಿ ಕಳೆದುಹೋದವೋ, ಅಥವಾ ಎಲ್ಲಾದರೂ ಅಡಗಿಕೊಂಡಿವೆಯೋ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಡಿಟಿಪಿ ಕೆಲಸದವ, ಕುಂಬಳೆ

ಮಾಸ್ತರರೇ, ಇದು ದೊಡ್ಡ ಸಂಗತಿಯಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ಎಂಬ ವಿಭಾಗವನ್ನು ತೆರೆದು, ‘ಅಲೋ ರಿಮೋಟ್ ಕಂಟೆಂಟ್ ಇನ್ ಮೆಸೇಜಸ್’ ಎಂಬುದಕ್ಕೆ ಸರಿ ಗುರುತು ಹಾಕಿಬಿಡಿ. ಎಲ್ಲ ಚಿತ್ರಗಳೂ ಬರುತ್ತವೆ.

ಉತ್ತರ 2: ಕಂಪ್ಯೂಟರ್ ಕಲಿಸುವವಳು, ಕಾಸರಗೋಡು

ಕುಂಬಳೆಯ ಅಣ್ಣ ಹೇಳಿದ್ದು ಒಂದು ಬಗೆಯ ಪತ್ರಕ್ಕೆ ಮಾತ್ರ ಸಲ್ಲುತ್ತದೆ, ಅದರಲ್ಲೂ ಆ ಗುರುತನ್ನು ಎಲ್ಲರಿಗೂ ಅನ್ವಯಿಸುವಂತೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮಾಸ್ತರರೇ, ತಾವು ವಿವರಿಸಿದ್ದು ಒಂದೇ ತೊಂದರೆಯಲ್ಲ, ಒಂದೇ ದಿನ ಕಣ್ಣಿಗೆ ಬಿದ್ದ ಬೇರೆ ಬೇರೆ ತೊಂದರೆಗಳು. ಆದುದರಿಂದ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಚಿತ್ರ ಕಾಣಿಸದ ಪತ್ರವೊಂದನ್ನು ತೆರೆದು, ಕಂಟ್ರೋಲ್ ಕೀಲಿಯೊಂದಿಗೆ ‘ಯು’ ಅಕ್ಷರವನ್ನು ಒತ್ತಿರಿ. ಪತ್ರದ ಮೂಲರೂಪ ಕಾಣಿಸುತ್ತದೆ. ಅದನ್ನು ಪೂರ್ತಿ ಓದಬೇಕಾಗಿಲ್ಲ. ಹುಡುಕುವ ಸೌಲಭ್ಯದಿಂದ ‘ಐಎಂಜಿ’ ಎಂಬ ಮೂರಕ್ಷರ ಎಲ್ಲಿದೆಯೆಂದು ನೋಡಿ, ಅದರ ಮುಂದೆ ಬರೆದಿರುವ ವಿಳಾಸ ಹೇಗೆ ಆರಂಭವಾಗುತ್ತದೆ ಎಂಬುದನ್ನಷ್ಟೇ ಗಮನಿಸಿದರೆ ಸಾಕು.

ಅದು ‘ಎಚ್‌ಟಿಟಿಪಿ’ ಎಂದು ಆರಂಭವಾದರೆ, ಚಿತ್ರ ಪತ್ರದೊಂದಿಗೆ ಬಂದೇ ಇಲ್ಲ ಎಂದರ್ಥ. ಅದು ಕಳುಹಿಸಿದವರ ಜಾಲತಾಣದಲ್ಲಿದೆ, ಪತ್ರದಲ್ಲಿರುವುದು ಅದರ ವಿಳಾಸ ಮಾತ್ರ. ನಾವು ಪತ್ರವನ್ನು ತೆರೆದಾಗ ತಂತ್ರಾಂಶವು ಅಲ್ಲಿಗೆ ಹೋಗಿ ಚಿತ್ರವನ್ನು ತರಬೇಕು. ಹಾಗೆ ತರಲು ಹೋದಾಗ, ಪತ್ರವನ್ನು ಯಾವಾಗ ತೆರೆಯಲಾಯಿತು, ಯಾವ ಐಪಿ ವಿಳಾಸದಿಂದ (ಅಂದರೆ ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಿಂದ) ತೆರೆಯಲಾಯಿತು ಎಂಬುದು ಆ ಕಡೆಯವರಿಗೆ ತಿಳಿಯುತ್ತದೆ. ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟಿನ ಚಿತ್ರವನ್ನು ಇದಕ್ಕಾಗಿಯೇ ಪತ್ರದಲ್ಲಿ ಇಡುವ ಪದ್ಧತಿಯೂ ಇದೆ. ಥಂಡರ್‌ಬರ್ಡ್ ಹೊರಗಿನ ಚಿತ್ರಗಳನ್ನು ಮೊದಲಿಗೆ ತಡೆದಿಡುವುದು ಈ ಕಾರಣಕ್ಕೆ. ತಮಗೆ ಕಾಣಿಸಿದ ಎಚ್ಚರಿಕೆಯ ಪಟ್ಟಿ ಅದೇ. ಆ ಪಟ್ಟಿಯ ಬಲಗಡೆಯ ಗುಂಡಿಯನ್ನು ಒತ್ತಿದರೆ ಈ ಒಂದು ಪತ್ರಕ್ಕೆ ಮಾತ್ರವೋ, ಈ ಕಳುಹಿಸುವವರ ಪತ್ರಗಳಿಗೆಲ್ಲವೋ ಎಂದು ಆರಿಸಿಕೊಳ್ಳಬಹುದು. ತಾವು ನಂಬುವ ಪ್ರಕಾಶಕರನ್ನು ಮಾತ್ರ ಹೀಗೆ ಒಬ್ಬೊಬ್ಬರಾಗಿ ಅನುಮತಿಸಿರಿ. ಜಿಮೇಲ್‌ನಲ್ಲಿ ಅವೇ ಚಿತ್ರಗಳು ತಡೆಯಿಲ್ಲದೆ ಕಾಣಿಸುವುದಕ್ಕೆ ಕಾರಣ ಬೇರೆ: 2013ರ ಡಿಸೆಂಬರಿನಿಂದ ಗೂಗಲ್ ಆ ಚಿತ್ರಗಳನ್ನು ತನ್ನದೇ ಸರ್ವರಿನ ಮೂಲಕ ತರಿಸಿ ತೋರಿಸುತ್ತಿದೆ, ಹಾಗಾಗಿ ಕಳುಹಿಸಿದವರಿಗೆ ಪತ್ರ ಓದುವವರ ಐಪಿ ವಿಳಾಸ ಸಿಗುವುದಿಲ್ಲ.

ವಿಳಾಸವು ‘ಸಿಐಡಿ’ ಎಂದು ಆರಂಭವಾದರೆ ಗಾಬರಿಯಾಗಬೇಡಿ, ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಅದು ಕಂಟೆಂಟ್-ಐಡಿ ಎಂಬುದರ ಹ್ರಸ್ವರೂಪ. ಚಿತ್ರ ಅದೇ ಪತ್ರದ ಇನ್ನೊಂದು ಭಾಗದಲ್ಲಿ ಇದೆ ಎಂಬುದಕ್ಕೆ ಅದು ಗುರುತು. ಮೂಲರೂಪದಲ್ಲಿ ಕೆಳಗೆ ಇಳಿದಂತೆ, ಅರ್ಥವಿಲ್ಲದ ಅಕ್ಷರಗಳು ಪುಟಗಟ್ಟಲೆ ಸಾಲುಸಾಲಾಗಿ ಕಾಣಿಸುತ್ತವೆ, ಚಿತ್ರವೆಂದರೆ ಅದೇ. ಬೇಸ್64 ಎಂಬ ಈ ವಿಧಾನದಲ್ಲಿ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವುದರಿಂದ ಪತ್ರದ ಗಾತ್ರ ಮೂರನೆಯ ಒಂದಂಶದಷ್ಟು ಹೆಚ್ಚುತ್ತದೆ, ಆದರೆ ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಲೈವ್ ಮೇಲ್ ಪ್ರತಿ ಪತ್ರವನ್ನೂ ಒಂದೊಂದು ‘ಇಎಂಎಲ್’ ಕಡತವಾಗಿ ಇಡುತ್ತಿತ್ತು, ಪತ್ರದ ಎಲ್ಲ ಭಾಗಗಳೂ ಆ ಒಂದೇ ಕಡತದಲ್ಲಿರುತ್ತವೆ. ಆದ್ದರಿಂದ ಹುಡುಗ ಕಡತಗಳನ್ನು ಹಾಗೆಯೇ ನಕಲು ಮಾಡಿದ್ದರೆ ಏನೂ ಕಳೆದಿರಲಾರದು. ಪತ್ರದ ಪಠ್ಯವನ್ನೂ ಚಿತ್ರವನ್ನೂ ಒಂದಕ್ಕೊಂದು ಸೇರಿದ್ದು ಎಂದು ಸೂಚಿಸುವ ‘ಮಲ್ಟಿಪಾರ್ಟ್ ರಿಲೇಟೆಡ್’ ಎಂಬ ಮಾತು ತಲೆಬರಹದಲ್ಲಿ ಇಲ್ಲದೆ ‘ಮಿಕ್ಸ್‌ಡ್’ ಎಂದಷ್ಟೇ ಇದ್ದರೆ, ಚಿತ್ರವು ತನ್ನ ಜಾಗದಲ್ಲಿ ಕೂರದೆ ಲಗತ್ತಾಗಿ ಅಡಿಯಲ್ಲಿ ಉಳಿಯಬಹುದು. ಆಲ್ಟ್ ಕೀಲಿಯನ್ನು ಒತ್ತಿ, ಮೇಲೆ ಬರುವ ‘ವ್ಯೂ’ ಮೆನುವಿನಲ್ಲಿ ‘ಡಿಸ್‌ಪ್ಲೇ ಅಟ್ಯಾಚ್‌ಮೆಂಟ್ಸ್ ಇನ್‌ಲೈನ್’ ಎಂಬುದಕ್ಕೆ ಗುರುತು ಹಾಕಿದರೆ ಅಂತಹ ಚಿತ್ರಗಳು ಪಠ್ಯದ ಕೆಳಗೆ ತೆರೆದುಕೊಳ್ಳುತ್ತವೆ. ಅದೇ ಮೆನುವಿನ ‘ಮೆಸೇಜ್ ಬಾಡಿ ಆ್ಯಸ್’ ಎಂಬಲ್ಲಿ ‘ಒರಿಜಿನಲ್ ಎಚ್‌ಟಿಎಂಎಲ್’ ಆಯ್ಕೆಯಾಗಿದೆಯೇ ಎಂಬುದನ್ನೂ ಒಮ್ಮೆ ನೋಡಿರಿ.

ಹಸ್ತಪ್ರತಿಯ ಪುಟಗಳ ಕಡತದ ಹೆಸರು ‘ಟಿಐಎಫ್’ ಎಂದು ಕೊನೆಗೊಳ್ಳುತ್ತಿದೆಯೇ? ಸ್ಕ್ಯಾನರಿನಿಂದ ಬಂದವು ಹಾಗಿರುವುದುಂಟು, ಅವನ್ನು ಟಿಫ್ ಚಿತ್ರಗಳು ಎನ್ನುತ್ತಾರೆ. ಲೈವ್ ಮೇಲ್ ಪತ್ರಗಳನ್ನು ತೋರಿಸಲು ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಯಂತ್ರಾಂಗವನ್ನೇ ಬಳಸುತ್ತಿತ್ತು, ಅದರ 9ನೆಯ ಆವೃತ್ತಿಯಿಂದ ಟಿಫ್ ಚಿತ್ರಗಳನ್ನು ತೋರಿಸುವ ಸಾಮರ್ಥ್ಯವಿತ್ತು. ಥಂಡರ್‌ಬರ್ಡ್ ಫೈರ್‌ಫಾಕ್ಸಿನ ಬುಡದ ಮೇಲೆ ನಿಂತದ್ದು, ಅದು ಟಿಫ್ ಚಿತ್ರವನ್ನು ಪತ್ರದೊಳಗೆ ತೋರಿಸುವುದಿಲ್ಲ. ಕಡತವನ್ನು ಉಳಿಸಿಕೊಂಡು ವಿಂಡೋಸಿನ ಫೋಟೋಸ್‌ನಲ್ಲಿ ತೆರೆಯಿರಿ.

ಪ್ರಶ್ನೆ ಕೇಳಿದವರು, ಮರುದಿನ

ತಂಗಿ, ನಿಮ್ಮ ಮಾತಿನಂತೆ ನಿನ್ನೆ ಸಂಜೆ ಕರೆಂಟು ಇದ್ದಷ್ಟು ಹೊತ್ತು ಒಂದೊಂದೇ ಪತ್ರವನ್ನು ಬಿಡಿಸಿ ನೋಡಿದೆ. ಪುಸ್ತಕಪಟ್ಟಿಗಳು ಸರಿಯಾದವು. ಹಸ್ತಪ್ರತಿಯ ಪುಟಗಳು ಟಿಫ್ ಎಂಬುದು ನಿಜ. ಉಳಿಸಿಕೊಂಡು ತೆರೆದರೆ ಒಂದು ಪುಟವೂ ತಪ್ಪದೆ ಇದೆ. ಆಮಂತ್ರಣಗಳಲ್ಲಿ ಕೆಲವು, ಮೆನುವಿನಲ್ಲಿ ಗುರುತು ಹಾಕಿದ ಕೂಡಲೇ ಪಠ್ಯದ ಕೆಳಗೆ ಬಂದವು.

ಉಳಿದವುಗಳಲ್ಲಿ ಎರಡು ಬಗೆ. ನಾನೇ ಮಾದರಿಗೆಂದು ಇಟ್ಟುಕೊಂಡಿದ್ದ ಕರಡು ಪತ್ರಗಳಲ್ಲಿ ವಾಚನಾಲಯದ ಲಾಂಛನದ ವಿಳಾಸವು ‘ಫೈಲ್’ ಎಂದು ಆರಂಭವಾಗಿ, ನನ್ನ ಹಳೆಯ ಕಂಪ್ಯೂಟರಿನ ಸಿ ಡ್ರೈವಿನ ಕಡೆಗೆ ಬೊಟ್ಟು ಮಾಡುತ್ತದೆ. ಇನ್ನು ಕೆಲವು ಆಮಂತ್ರಣಗಳ ವಿಳಾಸ ಎಚ್‌ಟಿಟಿಪಿ. ಅನುಮತಿ ಕೊಟ್ಟರೂ ಬರುವುದಿಲ್ಲ, ಬ್ರೌಸರಿನಲ್ಲಿ ಹಾಕಿದರೆ ಅಂತಹ ತಾಣವೇ ಇಲ್ಲ ಎನ್ನುತ್ತದೆ. ಆದರೆ ಸಿಡಿಲು ಬೀಳುವ ಹಿಂದಿನ ವಾರವೂ ಅವನ್ನು ಹಳೆಯ ಯಂತ್ರದಲ್ಲಿ ಕಂಡಿದ್ದೇನೆ. ಅದು ಹೇಗೆ?

ಉತ್ತರ 3: ಡಿಟಿಪಿ ಕೆಲಸದವ, ಕುಂಬಳೆ

ಅಕ್ಕನ ತಿದ್ದುಪಡಿಯನ್ನು ಒಪ್ಪಿದ್ದೇನೆ, ನನ್ನ ಕಂಪ್ಯೂಟರಿನಲ್ಲೂ ಆ ಗುರುತನ್ನು ತೆಗೆದೆ. ಆಮಂತ್ರಣಗಳ ವಿಷಯದಲ್ಲಿ ಸ್ವಲ್ಪ ಹೊಣೆ ನಮ್ಮಂತಹವರದ್ದೂ ಇದೆ. ಆಗ ನಾವು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಕಳುಹಿಸಿದರೆ, ಅದೇ ಫಾಂಟು ಇಲ್ಲದವರಿಗೆ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತಿತ್ತು. ಹಾಗಾಗಿ ಇಡೀ ಪುಟವನ್ನೇ ಚಿತ್ರವಾಗಿಸಿ, ಪತ್ರ ಭಾರವಾಗದಿರಲೆಂದು ಯಾವುದೋ ಉಚಿತ ತಾಣದಲ್ಲಿ ಇಟ್ಟು, ಅದರ ವಿಳಾಸವನ್ನು ಮಾತ್ರ ಪತ್ರದಲ್ಲಿ ಸೇರಿಸುತ್ತಿದ್ದೆವು. ಆ ತಾಣ ಮುಚ್ಚಿದ ದಿನ ಆಮಂತ್ರಣವೂ ಹೋಯಿತು. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲಿ ಬರೆಯುವ ಅಭ್ಯಾಸ ಮೊದಲೇ ಆಗಿದ್ದರೆ ಮಾಸ್ತರರ ಬಳಿ ಇಂದು ಅಕ್ಷರಗಳಾದರೂ ಉಳಿಯುತ್ತಿದ್ದವು.

ಉತ್ತರ 4: ಕಂಪ್ಯೂಟರ್ ಕಲಿಸುವವಳು, ಕಾಸರಗೋಡು

ಮಾಸ್ತರರೇ, ತಾಣ ಮುಚ್ಚಿದ ಮೇಲೂ ಚಿತ್ರ ಕಂಡಿದ್ದರೆ, ಹಳೆಯ ಯಂತ್ರವು ಒಮ್ಮೆ ತಂದ ಚಿತ್ರದ ಪ್ರತಿಯೊಂದನ್ನು ತನ್ನಲ್ಲಿ ಉಳಿಸಿಕೊಂಡು ಅದನ್ನೇ ತೋರಿಸುತ್ತಿದ್ದಿರಬೇಕು. ವಿಂಡೋಸ್ 7ರಲ್ಲಿ ಇಂತಹ ಪ್ರತಿಗಳು ‘ಟೆಂಪರರಿ ಇಂಟರ್‌ನೆಟ್ ಫೈಲ್ಸ್’ ಎಂಬ ಕಡತಕೋಶದಲ್ಲಿ ಸೇರುತ್ತವೆ. ಆ ಹಾರ್ಡ್ ಡಿಸ್ಕನ್ನು ಅಳಿಸಿ ಬೇರೆ ಕೆಲಸಕ್ಕೆ ಕೊಡುವ ಯೋಚನೆಯಿದ್ದರೆ ಈಗಲೇ ತಡೆಯಿರಿ. ಅದನ್ನು ಹೊರಗಿನ ಡಿಸ್ಕಿನಂತೆ ಜೋಡಿಸಿ, ತಮ್ಮ ಹೆಸರಿನ ಕೋಶದೊಳಗೆ ‘ಆ್ಯಪ್‌ಡೇಟಾ’, ‘ಲೋಕಲ್’, ‘ಮೈಕ್ರೋಸಾಫ್ಟ್’, ‘ವಿಂಡೋಸ್’ ಎಂಬ ಕ್ರಮದಲ್ಲಿ ಇಳಿದು ಹೋಗಿರಿ. ಇವು ಮರೆಮಾಡಿದ ಕೋಶಗಳಾದುದರಿಂದ ಅವನ್ನು ಕಾಣಿಸುವಂತೆ ಮೊದಲು ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಆಯ್ಕೆ ಮಾಡಬೇಕು. ಅಲ್ಲಿ ‘ಜೆಪಿಜಿ’ ಎಂದು ಹುಡುಕಿ, ಗಾತ್ರದ ಪ್ರಕಾರ ಜೋಡಿಸಿದರೆ ದೊಡ್ಡ ಚಿತ್ರಗಳು ಮೇಲೆ ಬರುತ್ತವೆ.

ಲಾಂಛನ ಸುಲಭ. ಅದರ ಮೂಲ ಕಡತವೂ ಅದೇ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಹೊಸ ಯಂತ್ರಕ್ಕೆ ತಂದು, ಕರಡಿನಲ್ಲಿ ಹೊಸದಾಗಿ ಸೇರಿಸುವಾಗ ‘ಅಟ್ಯಾಚ್ ದಿಸ್ ಇಮೇಜ್ ಟು ದ ಮೆಸೇಜ್’ ಎಂಬುದಕ್ಕೆ ಗುರುತು ಇದೆಯೇ ಎಂದು ನೋಡಿಕೊಳ್ಳಿ. ಆ ಗುರುತಿದ್ದರೆ ಲಾಂಛನವು ಪತ್ರದ ಜೊತೆಗೇ ಹೋಗುತ್ತದೆ. ಜಾಲದಿಂದ ಬರುವ ಪುಸ್ತಕಪಟ್ಟಿಗಳಲ್ಲಿ ಮುಂದೆ ಬೇಕಾಗುವಂಥವನ್ನು ಚಿತ್ರ ಬಂದ ಕೂಡಲೇ ಪ್ರಿಂಟ್ ಆಜ್ಞೆಯ ಮೂಲಕ ಪಿಡಿಎಫ್ ಆಗಿ ಉಳಿಸಿಡಿ.

ಪ್ರಶ್ನೆ ಕೇಳಿದವರು

ಡಿಸ್ಕನ್ನು ಅಳಿಸಲು ಕೊಟ್ಟಿರಲಿಲ್ಲ, ಕಪಾಟಿನಲ್ಲಿತ್ತು. ಹುಡುಗನನ್ನು ಕರೆಸಿ ಹುಡುಕಿಸಿದಾಗ ಐದು ಆಮಂತ್ರಣಗಳಲ್ಲಿ ಮೂರು ಸಿಕ್ಕಿದವು, ಅವುಗಳಲ್ಲಿ ಒಂದು ಅರ್ಧ ಮಾತ್ರ ಇಳಿದ ಚಿತ್ರ. ಉಳಿದ ಎರಡರ ಅಚ್ಚಾದ ಪ್ರತಿ ಯಾರ ಮನೆಯಲ್ಲಿದೆಯೆಂದು ವಿಚಾರಿಸುತ್ತಿದ್ದೇನೆ. ಕುಂಬಳೆಯವರ ಅಂಗಡಿಯ ಹಳೆಯ ಸಿಡಿಗಳಲ್ಲಿ ಇರಬಹುದಾದರೆ ದಯವಿಟ್ಟು ನೋಡಿ ತಿಳಿಸಬೇಕು.