ಸಂಕ, ಕಾಲುಸಂಕ, ಸೇತುವೆ: ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

‘ಸಂಕ’ ಎಂಬ ಪದದ ಬಗ್ಗೆ ನಿಮ್ಮ ತಿಳಿವಳಿಕೆ ಬೇಕಾಗಿದೆ. ಕರಾವಳಿಯವರಿಗೂ ಮಲೆನಾಡಿನವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯ ಗೆಳೆಯರಿಗಾಗಿ ಹೇಳುತ್ತೇನೆ. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಯನ್ನೋ ನಾಲ್ಕಾರು ಅಡಿಕೆ ಮರಗಳನ್ನೋ ಹಾಕಿ, ಒಬ್ಬರ ಹಿಂದೆ ಒಬ್ಬರು ದಾಟುವ ಹಾಗೆ ಮಾಡಿಕೊಂಡ ದಾರಿಗೆ ನಮ್ಮಲ್ಲಿ ಸಂಕ ಎನ್ನುತ್ತಾರೆ.

ಕೇಳಲು ಕಾರಣವಿದೆ. ನಮ್ಮದು ತೀರ್ಥಹಳ್ಳಿ ಸೀಮೆಯ ಒಂದು ಊರು. ಊರಿನ ಏಳು ಮನೆ ಹಳ್ಳದ ಆಚೆ ಇವೆ. ಎರಡು ವರ್ಷದ ಹಿಂದೆ ಆ ಮನೆಯವರ ಪರವಾಗಿ ನಾನೇ ಕೂತು ಅರ್ಜಿ ಬರೆದೆ. ‘ನಮ್ಮ ಹಳ್ಳಕ್ಕೆ ಮರದ ಸಂಕ ಮಾತ್ರ ಇದ್ದು, ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ದಾಟಲು ಆಗುತ್ತಿಲ್ಲ’ ಎಂದು ಬರೆದಿದ್ದೆ. ಅದನ್ನು ಟೈಪು ಮಾಡಿದವರು ‘ಸಂಕ’ ಎನ್ನುವುದು ಆಡುಮಾತು, ಕಚೇರಿಗೆ ಹೋಗುವ ಕಾಗದದಲ್ಲಿ ಚೆನ್ನಾಗಿರುವುದಿಲ್ಲ ಎಂದು ‘ಮರದ ಸೇತುವೆ’ ಮಾಡಿದರು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ‘ಮರದ’ ಕೂಡ ಬಿದ್ದುಹೋಯಿತು. ಕೊನೆಗೆ ನಮ್ಮ ಕೈಗೆ ಬಂದ ಹಿಂಬರಹ ಹೀಗಿತ್ತು: ‘ಸದರಿ ಸ್ಥಳದಲ್ಲಿ ಈಗಾಗಲೇ ಸೇತುವೆ ಇರುವುದು ಕಂಡುಬಂದಿದ್ದು, ಹೊಸ ಸೇತುವೆಯ ಬೇಡಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’

ಆ ಕಾಗದವನ್ನು ಹಳ್ಳದ ಆಚೆಯ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೇತುವೆ ಎಲ್ಲಿದೆಯಂತೆ ಮಾರಾಯ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಈ ಪದದ ಬೆನ್ನು ಹತ್ತಿದ್ದೇನೆ.

ಮೊದಲು ವಸ್ತುವನ್ನೇ ನೋಡೋಣ. ನಮ್ಮ ಸಂಕಕ್ಕೆ ಕೆಳಗೆ ಎರಡು ಕಾಡುಮರದ ದಿಮ್ಮಿ, ಅದರ ಮೇಲೆ ಅಡಿಕೆ ದಬ್ಬೆ. ದಬ್ಬೆ ಎಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ್ದು. ದಬ್ಬೆಗಳನ್ನು ಒತ್ತೊತ್ತಾಗಿ ಜೋಡಿಸಿ, ಅಡ್ಡಪಟ್ಟಿ ಕೊಟ್ಟು, ಹಿಂದೆ ಬಳ್ಳಿಯಲ್ಲಿ ಕಟ್ಟುತ್ತಿದ್ದರು, ಈಗ ತಂತಿಯಲ್ಲಿ ಕಟ್ಟುತ್ತಾರೆ. ಒಂದು ಪಕ್ಕಕ್ಕೆ ಮಾತ್ರ ಬಿದಿರಿನ ಗಳು, ಹಿಡಿದುಕೊಳ್ಳಲಿಕ್ಕೆ. ಇದಕ್ಕೆ ದಕ್ಷಿಣ ಕನ್ನಡದವರು ‘ಕೈತಾಂಗು’ ಎನ್ನುವುದನ್ನು ಕೇಳಿದ್ದೇನೆ, ಬಹಳ ಚೆನ್ನಾದ ಪದ. ಬೇಸಿಗೆ ಮುಗಿಯುವ ಮೊದಲು, ಮುಂಗಾರಿನ ಮೊದಲ ಮಳೆ ಬೀಳುವುದರೊಳಗೆ ಏಳು ಮನೆಯವರೂ ಮನೆಗೊಂದು ಆಳಿನ ಹಾಗೆ ಸೇರಿ ‘ಸಂಕ ಹಾಕುತ್ತಾರೆ’. ಕ್ರಿಯಾಪದವನ್ನು ಗಮನಿಸಿ. ಸೇತುವೆಯನ್ನು ಕಟ್ಟುತ್ತೇವೆ, ಸಂಕವನ್ನು ಹಾಕುತ್ತೇವೆ. ಹಾಕಿದ್ದು ವರ್ಷ ಎರಡು ವರ್ಷಕ್ಕೆ ಕೊಳೆತು ಕುಂಬಾಗುತ್ತದೆ, ದೊಡ್ಡ ನೆರೆ ಬಂದರೆ ಅದೇ ವರ್ಷ ಹೋಗುತ್ತದೆ. ಮಳೆ ಹಿಡಿದು ವಾರ ಕಳೆದರೆ ದಬ್ಬೆಯ ಮೇಲೆ ಪಾಚಿ ಕಟ್ಟುತ್ತದೆ. ಆಗ ಮಕ್ಕಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮಡಿಸಿದ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ನೆನೆದುಕೊಂಡೇ ಅಡ್ಡಡ್ಡ ಹೆಜ್ಜೆಯಿಟ್ಟು ದಾಟುತ್ತವೆ. ಆಚೆ ದಡದಲ್ಲಿ ಯಾರಾದರೂ ತಾಯಂದಿರು ನಿಂತೇ ಇರುತ್ತಾರೆ. ಮಗು ಈಚೆ ದಡ ಮುಟ್ಟಿ ಕೈ ಎತ್ತಿದ ಮೇಲೇ ಅವರು ತಿರುಗಿ ಹೋಗುವುದು.

ಇಷ್ಟೆಲ್ಲ ‘ಸಂಕ’ ಎಂಬ ಎರಡಕ್ಷರದೊಳಗೆ ಇದೆ. ‘ಸೇತುವೆ’ ಎಂದ ಕೂಡಲೇ ಇದರಲ್ಲಿ ಒಂದೂ ಉಳಿಯುವುದಿಲ್ಲ.

ಇನ್ನು ಪದದ ಮೂಲ. ಸಂಕ ಎನ್ನುವುದು ಸಂಸ್ಕೃತದ ‘ಸಂಕ್ರಮ’ದಿಂದ ಬಂದದ್ದು. ಆಡುಮಾತು ಎಂದು ಹೊಡೆದುಹಾಕಿದವರಿಗೆ ಇದನ್ನು ತಿಳಿಸಬೇಕೆಂದು ನನಗೆ ಬಹಳ ಆಸೆಯಿದೆ. ಸಂಕ್ರಮ ಎಂದರೆ ದಾಟುವುದು, ದಾಟುವ ದಾರಿ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಾಂತಿ, ಸಂಕ್ರಮಣ ಇವೆಲ್ಲ ಇದರ ಒಡಹುಟ್ಟುಗಳು. ಅಮರಕೋಶ ಸಂಕ್ರಮಕ್ಕೆ ಕೊಡುವ ಜೊತೆಪದ ‘ದುರ್ಗಸಂಚರ’, ಎಂದರೆ ಹೋಗಲು ಕಷ್ಟವಾದ ಜಾಗದಲ್ಲಿ ಹೋಗುವ ದಾರಿ. ನಮ್ಮ ಹಳ್ಳವನ್ನು ನೋಡಿಯೇ ಬರೆದ ಹಾಗಿದೆ! ಪಾಲಿಯಲ್ಲಿ ಇದು ‘ಸಂಕಮ’ ಆಗಿದೆ, ಅಲ್ಲಿಯೂ ದಾಟುಗಟ್ಟೆ, ಸೇತುವೆ ಎಂಬ ಅರ್ಥವೇ. ಕೊಂಕಣಿಯಲ್ಲಿ ‘ಸಾಂಕವ’. ಮರಾಠಿಯ ‘ಸಾಕವ’ ಇವತ್ತಿಗೂ ಕೊಂಕಣದ ಹಳ್ಳಿಗಳಲ್ಲಿ ತೊರೆಗೆ ಹಾಕಿದ ಕಿರುದಾಟಿಗೆ ಬಳಕೆಯಲ್ಲಿದೆ, ಅಲ್ಲಿನ ಪತ್ರಿಕೆಗಳಲ್ಲೂ ಬರುತ್ತದೆ. ಸಂಕ್ರಮ, ಸಂಕಮ, ಸಾಂಕವ ಎಂದು ಸಾಲಾಗಿಟ್ಟರೆ ಮಕಾರ ವಕಾರವಾದದ್ದು ಕಾಣುತ್ತದೆ, ಕುಮಾರ ಕುವರನಾದ ಹಾಗೆ. ಕನ್ನಡದಲ್ಲೂ ತುಳುವಿನಲ್ಲೂ ಆ ಕೊನೆಯ ಅಕ್ಷರವೂ ಉದುರಿ ‘ಸಂಕ’ ಉಳಿದಿದೆ.

ಇಲ್ಲಿ ನನ್ನ ಮೊದಲ ಅನುಮಾನ. ನಮಗಿದು ಪ್ರಾಕೃತದ ಕಡೆಯಿಂದ ನೇರವಾಗಿ ಬಂತೋ, ಕರಾವಳಿಯ ಕೊಂಕಣಿಯಿಂದ ಘಟ್ಟ ಹತ್ತಿ ಬಂತೋ? ಪ್ರಾಕೃತದಿಂದ ನೇರವಾಗಿ ಬಂದಿದ್ದರೆ ಕೋಲಾರ, ತುಮಕೂರು, ವಿಜಯಪುರದ ಕಡೆಗೂ ಎಲ್ಲಾದರೂ ಉಳಿದಿರಬೇಕಿತ್ತು. ನನಗೆ ಸಿಕ್ಕ ಬಳಕೆಯೆಲ್ಲ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳದ್ದು. ಮಳೆ ಹೆಚ್ಚು, ಹಳ್ಳ ಹೆಚ್ಚು, ಮರವೂ ಹೆಚ್ಚು ಇರುವ ಕಡೆ ಪದ ಬದುಕಿತು, ಉಳಿದ ಕಡೆ ಬೇಕಾಗದೆ ಹೋಯಿತು ಎಂದೂ ಹೇಳಬಹುದು. ನನಗೆ ಒಪ್ಪಿಗೆಯಾಗುವುದು ಈ ಕೊನೆಯ ಮಾತೇ. ಬಯಲುಸೀಮೆಯ ಯಾವುದಾದರೂ ಊರಹೆಸರಿನಲ್ಲಿ, ಹೊಲದ ಹೆಸರಿನಲ್ಲಿ ‘ಸಂಕ’ ಕಂಡವರಿದ್ದರೆ ತಿಳಿಸಿ, ದೊಡ್ಡ ಉಪಕಾರವಾಗುತ್ತದೆ.

ಎರಡನೆಯದು ‘ಕಾಲುಸಂಕ’. ನಮ್ಮ ಹಿರಿಯರು ಬರೀ ಸಂಕ ಎನ್ನುತ್ತಿದ್ದರು. ಕಾಲುಸಂಕ ಎಂಬುದು ಪತ್ರಿಕೆಗಳಲ್ಲಿ ಹೆಚ್ಚು. ಇದಕ್ಕೆ ಕಾರಣ ಕರಾವಳಿಯಲ್ಲಿದೆ ಎಂದು ನನ್ನ ಊಹೆ. ಅಲ್ಲಿ ಸಂಕ ಎಂಬ ಪದ ಬೆಳೆದು ದೊಡ್ಡದಾಗಿದೆ. ತುಳು ಮಾತನಾಡುವವರು ನೇತ್ರಾವತಿಯ ಮೇಲೆ ಲಾರಿ, ಬಸ್ಸು ಓಡಾಡುವ ಸೇತುವೆಯನ್ನೂ ‘ಉಳ್ಳಾಲ ಸಂಕ’ ಎನ್ನುತ್ತಾರೆ. ದೊಡ್ಡದೂ ಸಂಕವೇ ಆದಾಗ ಚಿಕ್ಕದನ್ನು ಬೇರೆ ಮಾಡಿ ಹೇಳಲು ಕಾಲುದಾರಿ, ಕಾಲುಹಾದಿಗಳ ಹಾಗೆ ಕಾಲುಸಂಕ ಹುಟ್ಟಿರಬೇಕು. ಘಟ್ಟದ ಮೇಲೆ ಸಂಕ ಚಿಕ್ಕದಾಗಿಯೇ ಉಳಿದದ್ದರಿಂದ ನಮಗೆ ‘ಕಾಲು’ ಬೇಕಾಗಲಿಲ್ಲ. ಹೊನ್ನಾವರದಲ್ಲಿ ಶರಾವತಿಗೆ ಕೊಂಕಣ ರೈಲ್ವೆ ಕಟ್ಟಿದ್ದು 2 ಕಿ.ಮೀ.ಗೂ ಮೀರಿದ ಸೇತುವೆ, ಆ ದಾರಿಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಅದನ್ನು ಆ ಕಡೆಯ ಕನ್ನಡಿಗರು ಸಂಕ ಎನ್ನುತ್ತಾರೆಯೇ? ಹೊನ್ನಾವರ, ಕುಮಟಾದ ಕಡೆಯವರು ಹೇಳಬೇಕು.

ಮೂರನೆಯದು ಕಚೇರಿಯ ಮಾತು. ನಮ್ಮ ಬೇಡಿಕೆ ಬಿದ್ದುಹೋದದ್ದು ಇಲ್ಲೇ. ರಸ್ತೆ ಕೆಲಸದ ಇಂಜಿನಿಯರರಿಗೆ ಅಳತೆಯ ವಿಂಗಡಣೆಯಿದೆ. ಒಟ್ಟು ಉದ್ದ 6 ಮೀಟರಿನವರೆಗೆ ಇದ್ದರೆ ಅದು ಮೋರಿ. 6ರಿಂದ 60 ಮೀಟರು ಚಿಕ್ಕ ಸೇತುವೆ, ಅದರ ಮೇಲೆ ದೊಡ್ಡ ಸೇತುವೆ. ಇದು ದೇಶಕ್ಕೆಲ್ಲ ಒಂದೇ ಲೆಕ್ಕ, ತಕರಾರಿಲ್ಲ. ಆದರೆ ಈ ಲೆಕ್ಕ ರಸ್ತೆಯಿಂದ ಶುರುವಾಗುತ್ತದೆ. ರಸ್ತೆ ಇದ್ದು, ಅದಕ್ಕೆ ನೀರು ಅಡ್ಡಬಂದಾಗ ಮೋರಿಯೋ ಸೇತುವೆಯೋ. ಸಂಕಕ್ಕೆ ಎರಡೂ ಕಡೆ ರಸ್ತೆಯೇ ಇಲ್ಲ. ಈಚೆ ಗದ್ದೆಯ ಅಂಚು, ಆಚೆ ತೋಟದ ಕಾಲುದಾರಿ. ಹಾಗಾಗಿ ಈ ಮೂರು ವಿಂಗಡಣೆಯಲ್ಲಿ ಎಲ್ಲೂ ಅದಕ್ಕೆ ಜಾಗವಿಲ್ಲ. ಮೋರಿ ಎಂದು ಬರೆಯೋಣವೆಂದರೆ ಬೆಂಗಳೂರಿನಲ್ಲಿ ಆ ಪದಕ್ಕೆ ಕೊಚ್ಚೆ ಹರಿಯುವ ಚರಂಡಿ ಎಂಬ ಅರ್ಥವೇ ಮುಂದು.

ಈ ಏಳು ಮನೆಗೆ ಯಾಕೆ ರಸ್ತೆಯಿಲ್ಲ ಎಂದು ಯಾರಾದರೂ ಕೇಳಬಹುದು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯಗಳಲ್ಲಿ 250 ಜನವಿರುವ ವಸತಿಗಳಿಗೆ ಸರ್ವಋತು ರಸ್ತೆ ಎಂದು ಲೆಕ್ಕ ಹಾಕಿಕೊಂಡು ಹೊರಟಿತು. ಮಲೆನಾಡಿನಲ್ಲಿ ಊರೆಂದರೆ ಒತ್ತಾಗಿ ಕೂತ ಮನೆಗಳಲ್ಲ. ಒಂದು ಗುಡ್ಡದ ಬುಡಕ್ಕೆ ಒಂದು ಮನೆ, ಅದರಾಚೆಯ ಕಣಿವೆಯಲ್ಲಿ ಎರಡು. 500 ತಲೆ ಎಣಿಸಬೇಕೆಂದರೆ ನಾಲ್ಕು ಹಳ್ಳ ದಾಟಬೇಕು. ನಡುವೆ ಅರಣ್ಯದ ಜಾಗ ಬಂದರೆ ಅದಕ್ಕೆ ಬೇರೆ ಅನುಮತಿ. ಜೊತೆಗೆ ‘ಸರ್ವಋತು’ ಎಂಬ ಪದವೂ ನನ್ನನ್ನು ಕಾಡುತ್ತದೆ. ಕಳಸ–ಹೊರನಾಡು ನಡುವಿನ ಹೆಬ್ಬಾಳೆಯಲ್ಲಿ ಭದ್ರೆ ಏರಿದಾಗಲೆಲ್ಲ ಸೇತುವೆ ಮುಳುಗುತ್ತಿತ್ತು, ‘ಮುಳುಗುಸೇತುವೆ’ ಎಂದೇ ಅದಕ್ಕೆ ಹೆಸರು ಬಿತ್ತು. ಒಂದು ಋತುವಿನಲ್ಲಿ ಕಾಣೆಯಾಗುವುದಕ್ಕೆ ಜನ ಸರಿಯಾದ ಹೆಸರನ್ನೇ ಇಟ್ಟುಕೊಂಡರು.

ಸರ್ಕಾರದವರು ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಮಲೆನಾಡು, ಕರಾವಳಿಯ ಶಾಲಾಮಕ್ಕಳಿಗೆ ಕಿರುಸೇತುವೆ ಕಟ್ಟಲೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ಬಂತು, ಎಷ್ಟೋ ಹಳ್ಳಗಳಿಗೆ ಅದರಿಂದ ಕಾಂಕ್ರೀಟಿನ ದಾಟುದಾರಿ ಆಯಿತು. ಒಳ್ಳೆಯ ಕೆಲಸ. ಆದರೆ ಹೆಸರಿನಲ್ಲಿ ‘ಸೇತು’ ಬಂತೇ ಹೊರತು ‘ಸಂಕ’ ಬರಲಿಲ್ಲ. ‘ಎಲ್ಲಿ ಸಂಕವಿದೆಯೋ ಅಲ್ಲಿ ಸೇತು ಕಟ್ಟಬೇಕು’ ಎಂಬ ಒಂದು ವಾಕ್ಯ ಎಲ್ಲಾದರೂ ಇದ್ದಿದ್ದರೆ, ಸಂಕ ಎಂದರೆ ಸೇತುವೆ ಇಲ್ಲದಿರುವುದು ಎಂದು ಕಡತಕ್ಕೆ ಅರ್ಥವಾಗುತ್ತಿತ್ತು.

ಇದೇ ಮಾತಿಗೆ ಸುಳ್ಯದ ಗಿರೀಶ್ ಭಾರದ್ವಾಜರನ್ನು ನೆನೆಯಬೇಕು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ತೂಗುಸೇತುವೆ ಕಟ್ಟಿದವರು, ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅವರು ಕಟ್ಟಿದ್ದರಲ್ಲೂ ನಡೆದೇ ದಾಟಬೇಕು, ಬಸ್ಸು ಹೋಗುವುದಿಲ್ಲ. ಆದರೂ ಯಾರೂ ಅದನ್ನು ಕಾಲುಸಂಕ ಎನ್ನಲಿಲ್ಲ, ತೂಗುಸೇತುವೆ ಎಂದೇ ಕರೆದರು. ಅಂದರೆ ವಾಹನ ಹೋಗುವುದು ಬಿಡುವುದು ಜನರ ಮನಸ್ಸಿನಲ್ಲಿ ಮುಖ್ಯವಲ್ಲ. ನಂಬಿ ಕಾಲಿಡಬಹುದಾದದ್ದು ಸೇತುವೆ. ಪ್ರತಿ ವರ್ಷ ಹಾಕಬೇಕಾದದ್ದು, ಪ್ರತಿ ಹೆಜ್ಜೆಗೂ ನೋಡಬೇಕಾದದ್ದು ಸಂಕ. ಈ ಅಂತರವನ್ನು ನಮ್ಮ ಭಾಷೆ ಇಷ್ಟು ಚೊಕ್ಕವಾಗಿ ಇಟ್ಟುಕೊಂಡಿರುವಾಗ ನಾವೇ ಅದನ್ನು ಅಳಿಸಿ ಅರ್ಜಿ ಬರೆಯುವುದು ನನಗೆ ಸಹಿಸಲಾಗುತ್ತಿಲ್ಲ.

ಒಂದು ಅಡ್ಡಮಾತು. ಸಿಗಂದೂರಿನ ಕಡೆ 2025ರ ಜುಲೈಯಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ (ಯಂತ್ರದ ದೋಣಿಯಲ್ಲಿ) ದಾಟುತ್ತಿದ್ದ ತುಮರಿಯವರ ಬಾಯಲ್ಲಿದ್ದ ‘ಲಾಂಚ್ ತಪ್ಪಿತು’, ‘ಕೊನೇ ಲಾಂಚು’ ಎಂಬ ಮಾತುಗಳು ಇನ್ನೆಷ್ಟು ದಿನ ಉಳಿಯುತ್ತವೋ. ಆ ಸೀಮೆಯವರು ಯಾರಾದರೂ ಲಾಂಚಿನ ಸುತ್ತಲಿನ ಪದಗಳನ್ನು ಈಗಲೇ ಬರೆದಿಟ್ಟರೆ ಒಳ್ಳೆಯದು. ಅದನ್ನು ಬೇರೆಯಾಗಿಯೇ ಚರ್ಚಿಸೋಣ.

ನನ್ನ ಪ್ರಶ್ನೆಗೆ ಬರುತ್ತೇನೆ. ಸಂಕಕ್ಕೆ ಕಚೇರಿಯ ಕನ್ನಡದಲ್ಲಿ ಬೇರೆ ಪದ ಹುಡುಕಬೇಕೇ, ಅಥವಾ ಸಂಕವನ್ನೇ ಇಟ್ಟುಕೊಂಡು ಪಕ್ಕದಲ್ಲಿ ವಿವರಣೆ ಕೊಡಬೇಕೇ? ಗೆಳೆಯರೊಬ್ಬರು ‘ತಾತ್ಕಾಲಿಕ ಮರದ ದಾಟು’ ಎಂದು ಬರೆಯಲು ಹೇಳಿದರು. ನನಗದು ಒಗ್ಗಲಿಲ್ಲ. ನನ್ನ ಅಜ್ಜನ ಕಾಲದಿಂದ ಇರುವುದನ್ನು ತಾತ್ಕಾಲಿಕ ಎಂದು ಹೇಗೆ ಬರೆಯಲಿ? ‘ಕಾಲುಸೇತುವೆ’ ಎಂದರೆ ಮತ್ತೆ ಸೇತುವೆಯ ಬಲೆಗೇ ಬಿದ್ದ ಹಾಗೆ. ಕಡತದಲ್ಲಿ ‘ಕಾಲು’ ಉದುರಲು ಎಷ್ಟು ಹೊತ್ತು ಬೇಕು?

ಸದ್ಯಕ್ಕೆ ಹೊಸ ಅರ್ಜಿಗೆ ಹೀಗೆ ಬರೆದುಕೊಂಡಿದ್ದೇನೆ: ‘ಸದರಿ ಹಳ್ಳಕ್ಕೆ ಯಾವುದೇ ಸೇತುವೆ ಇರುವುದಿಲ್ಲ. ಊರಿನವರು ಪ್ರತಿ ವರ್ಷ ಸ್ವಂತ ಖರ್ಚಿನಿಂದ ಎರಡು ದಿಮ್ಮಿ ಮತ್ತು ಅಡಿಕೆ ದಬ್ಬೆಗಳಿಂದ ಹಾಕಿಕೊಳ್ಳುವ, ಒಂದೂವರೆ ಅಡಿ ಅಗಲದ, ಒಂದೇ ಬದಿಗೆ ಹಿಡಿಯಿರುವ ಸಂಕದ ಮೇಲೆ ದಾಟುತ್ತಿರುತ್ತಾರೆ.’ ಮೊದಲ ವಾಕ್ಯದಲ್ಲೇ ‘ಸೇತುವೆ ಇಲ್ಲ’ ಎಂದು ಹೇಳಿ, ಆಮೇಲೆ ಸಂಕವನ್ನು ಅದರ ಅಳತೆ ಸಮೇತ ತಂದರೆ ಯಾರೂ ತಿದ್ದಲಾರರು ಎಂಬ ನಂಬಿಕೆ. ಇಲಾಖೆಯಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿ ಕೆಲವರಾದರೂ ಇದ್ದೀರಿ. ವಾಕ್ಯದಲ್ಲಿ ತಿದ್ದಬೇಕಾದದ್ದಿದ್ದರೆ ದಯವಿಟ್ಟು ತಿದ್ದಿಕೊಡಿ. ಬರುವ ಗುರುವಾರ ಗ್ರಾಮಸಭೆಯಿದೆ, ಬುಧವಾರ ರಾತ್ರಿಯೊಳಗೆ ಬಂದ ಸಲಹೆಗಳನ್ನು ಸೇರಿಸಿಕೊಂಡು ಈ ಸಲ ನಾನೇ ಟೈಪು ಮಾಡುತ್ತೇನೆ.