ಮಾರ್ಕ್‌ಡೌನ್: ದಪ್ಪಕ್ಷರದ ನಕ್ಷತ್ರಗಳು ಕೆಲವೆಡೆ ಹಾಗೆಯೇ ಉಳಿಯುತ್ತಿವೆ

ಪ್ರಶ್ನೆ

ನನ್ನ ಲೇಖನಗಳೆಲ್ಲ ದಪ್ಪಕ್ಷರ, ಪಟ್ಟಿ ಮುಂತಾದವನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಮಾರ್ಕ್‌ಡೌನ್ ಕಡತಗಳಲ್ಲಿವೆ. ಅವನ್ನು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ಗೆ ಬದಲಿಸುವ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ದಪ್ಪಕ್ಷರಗಳು ಅಲ್ಲಲ್ಲಿ ಕೈಕೊಟ್ಟಿವೆ. ಎಲ್ಲ ಕಡೆಯೂ ಕೆಟ್ಟಿದ್ದರೆ ಕಾರಣ ಹುಡುಕಬಹುದಿತ್ತು. ಇಲ್ಲಿ ಒಂದೇ ಪ್ಯಾರಾದಲ್ಲಿ ಒಂದು ಸರಿಯಾಗಿದೆ, ಪಕ್ಕದ್ದು ಸರಿಯಾಗಿಲ್ಲ:

`**ಚುಕ್ಕಿ**ಯನ್ನು ಗಮನಿಸಿ.`

`**‘ಚುಕ್ಕಿ’**ಯನ್ನು ಗಮನಿಸಿ.`

`__ಚುಕ್ಕಿ__ಯನ್ನು ಗಮನಿಸಿ.`

ಮೊದಲನೆಯದು ದಪ್ಪವಾಗುತ್ತದೆ. ಎರಡನೆಯದರಲ್ಲಿ ನಾಲ್ಕೂ ನಕ್ಷತ್ರಗಳು, ಮೂರನೆಯದರಲ್ಲಿ ಅಡಿಗೆರೆಗಳು ಪುಟದ ಮೇಲೆ ಹಾಗೆಯೇ ಕಾಣುತ್ತವೆ. ಹಳೆಯ ಆವೃತ್ತಿಯಲ್ಲಿ ಮೂರೂ ಸರಿಯಿದ್ದವು. ವಿಚಿತ್ರವೆಂದರೆ, ನಾನು ಬರೆಯುವ ಎಡಿಟರ್‌ನ ಮುನ್ನೋಟದಲ್ಲಿ ಈಗಲೂ ಮೂರೂ ದಪ್ಪವಾಗಿಯೇ ಇವೆ. ಕಡತ ಯುಟಿಎಫ್-8 ಅಕ್ಷರ ಸಂಕೇತದಲ್ಲಿದೆ, ಫಾಂಟ್ ಬದಲಿಸಿಯೂ ನೋಡಿದೆ.

ಉತ್ತರ

ಫಾಂಟ್‌ಗೂ ಯುಟಿಎಫ್‌ಗೂ ಇದಕ್ಕೂ ಸಂಬಂಧವಿಲ್ಲ. ಲಕ್ಷಣ ನೋಡಿದರೆ ನಿಮ್ಮ ಹಳೆಯ ಆವೃತ್ತಿ ಮೂಲ ಮಾರ್ಕ್‌ಡೌನ್‌ನ ಜಾಡಿನಲ್ಲಿತ್ತು, ಹೊಸದು ಮಾರ್ಕ್‌ಡೌನ್‌ಗೆ ಖಚಿತ ರೂಪ ಕೊಟ್ಟ ಕಾಮನ್‌ಮಾರ್ಕ್ ನಿಯಮಗಳನ್ನು ಪಾಲಿಸುತ್ತಿದೆ. ಮುನ್ನೋಟ ತೋರಿಸುವುದು ಮತ್ತೊಂದು ಪಾರ್ಸರ್ (ಗುರುತುಗಳನ್ನು ಓದಿ ಬದಲಿಸುವ ತಂತ್ರಾಂಶ). ಅದು ಇನ್ನೂ ಹಳೆಯ ಪದ್ಧತಿಯಲ್ಲೇ ಇದೆ.

ಮಾರ್ಕ್‌ಡೌನ್ ರೂಪಿಸಿದ ಜಾನ್ ಗ್ರೂಬರ್ 2004ರಲ್ಲಿ ಬಿಡುಗಡೆ ಮಾಡಿದ ಪರ್ಲ್ ಪ್ರೋಗ್ರಾಂ ಬಹಳ ಸರಳವಾಗಿತ್ತು. ಎರಡು ನಕ್ಷತ್ರಗಳ ಜೋಡಿ ಸಿಕ್ಕರೆ, ಅವುಗಳ ಒಳಬದಿಯಲ್ಲಿ ಖಾಲಿ ಜಾಗ ಇಲ್ಲದಿದ್ದರೆ, ನಡುವಿನದೆಲ್ಲ ದಪ್ಪ. ಹೊರಗೆ ಏನಿದೆ ಎಂದು ಅದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2014ರಲ್ಲಿ ಬಂದ ಕಾಮನ್‌ಮಾರ್ಕ್ ಹೊರಗನ್ನೂ ನೋಡುತ್ತದೆ. ನಕ್ಷತ್ರಗಳು ತೆರೆಯುವಂಥವೋ ಮುಚ್ಚುವಂಥವೋ ಎಂಬುದನ್ನು ಎರಡೂ ಬದಿಯ ಅಕ್ಷರಗಳಿಂದ ನಿರ್ಧರಿಸುತ್ತದೆ. ಮುಚ್ಚುವ ನಕ್ಷತ್ರಗಳ ಹಿಂದೆ ಲೇಖನ ಚಿಹ್ನೆ ಇದ್ದರೆ, ಮುಂದೆ ಖಾಲಿ ಜಾಗವೋ ಇನ್ನೊಂದು ಚಿಹ್ನೆಯೋ ಸಾಲಿನ ಕೊನೆಯೋ ಇರಲೇಬೇಕು. ನಿಮ್ಮ ಎರಡನೆಯ ಸಾಲಿನಲ್ಲಿ ಹಿಂದೆ ಉದ್ಧರಣ ಚಿಹ್ನೆ, ಮುಂದೆ ‘ಯ’. ಆದ್ದರಿಂದ ಪಾರ್ಸರ್ ಅದನ್ನು ಮುಚ್ಚುವುದೆಂದು ಒಪ್ಪುವುದಿಲ್ಲ. ಅಲ್ಲಿಂದ ಹೊಸ ದಪ್ಪಕ್ಷರ ತೆರೆಯುತ್ತಿದೆ ಎಂದುಕೊಳ್ಳುತ್ತದೆ.

ಇಂಗ್ಲಿಷ್‌ನಲ್ಲಿ ಉದ್ಧರಣ ಮುಗಿದ ಕೂಡಲೇ ಅಕ್ಷರ ಬರುವುದು ಅಪರೂಪ, ಹಾಗಾಗಿ ನಿಯಮ ರೂಪಿಸಿದವರಿಗೆ ಇದು ತೊಡಕೆನಿಸಲಿಲ್ಲ. ನಮಗೋ ವಿಭಕ್ತಿ ಪ್ರತ್ಯಯ ಅಂಟದೆ ವಾಕ್ಯವೇ ನಡೆಯುವುದಿಲ್ಲ. ಕೊರಿಯನ್, ಜಪಾನಿ, ಚೀನೀ ಭಾಷೆಗಳಲ್ಲಿ ಬರೆಯುವವರದೂ ಇದೇ ದೂರು.

ಪರಿಹಾರ: ಉದ್ಧರಣ ಚಿಹ್ನೆಯನ್ನು ನಕ್ಷತ್ರಗಳಿಂದ ಹೊರಗೆ ಹಾಕಿ, ಇಲ್ಲವೇ ಪ್ರತ್ಯಯವನ್ನು ಒಳಗೆ ಎಳೆದುಕೊಳ್ಳಿ.

`‘**ಚುಕ್ಕಿ**’ಯನ್ನು ಗಮನಿಸಿ.`

`**‘ಚುಕ್ಕಿ’ಯನ್ನು** ಗಮನಿಸಿ.`

ನನಗೆ ಎರಡನೆಯದೇ ಇಷ್ಟ. ಅರ್ಧ ಪದ ದಪ್ಪ, ಅರ್ಧ ತೆಳು ಇದ್ದರೆ ಓದುವ ಕಣ್ಣು ಎಡವುತ್ತದೆ. ಆವರಣ ಚಿಹ್ನೆಗೂ ಇದೇ ನಿಯಮ: `**ಪಟ್ಟಿ (ಹೊಸದು)**ಯಲ್ಲಿ` ಎಂದು ಬರೆದರೂ ನಕ್ಷತ್ರಗಳು ಉಳಿಯುತ್ತವೆ.

ಅಡಿಗೆರೆಯ ಕಥೆ ಬೇರೆ. ಕಡತದ ಹೆಸರುಗಳ ನಡುವೆ ಬರುವ ಅಡಿಗೆರೆಗಳು ದಪ್ಪಕ್ಷರದ ಗುರುತಾಗಬಾರದೆಂದು, ಪದದ ಮಧ್ಯೆ ಅವು ಕೆಲಸ ಮಾಡದಂತೆ ಕಾಮನ್‌ಮಾರ್ಕ್ ತಡೆದಿದೆ. ಕನ್ನಡಕ್ಕೆ ನಕ್ಷತ್ರವೇ ಸರಿ.

ಪ್ರಶ್ನೆ ಕೇಳಿದವರು

ಈಗ ಅರ್ಥವಾಯಿತು. ಹಳೆಯ ಲೇಖನಗಳಲ್ಲಿ ಇಂಥವನ್ನು ಒಟ್ಟಿಗೆ ಹುಡುಕುವುದು ಹೇಗೆ? ಇನ್ನೊಂದು ಕಡೆ ಮೂಲಪದ ಮಾತ್ರ ದಪ್ಪವಾಗಲಿ ಎಂದು `**ಹೆಸರ**ಿಗೆ` ಎಂದು ಬರೆದಿದ್ದೆ. ಅಲ್ಲಿ ಉದ್ಧರಣ ಚಿಹ್ನೆ ಇಲ್ಲ, ದಪ್ಪವೂ ಆಗಿದೆ. ಆದರೆ ನಡುವೆ ಚುಕ್ಕಿಗಳ ವೃತ್ತವೊಂದು ಬಂದು ಕುಳಿತಿದೆ.

ಉತ್ತರ

ಆ ವೃತ್ತಕ್ಕೆ ಮಾರ್ಕ್‌ಡೌನ್ ಕಾರಣವಲ್ಲ. ‘ರಿ’ ಎಂಬುದು ‘ರ’ ಮತ್ತು ಗುಡಿಸು ಎಂಬ ಎರಡು ಯೂನಿಕೋಡ್ ಸಂಕೇತಗಳ ಜೋಡಿ. ನೀವು ನಕ್ಷತ್ರ ಹಾಕಿದ್ದು ಆ ಎರಡರ ನಡುವೆ. ವ್ಯಂಜನ ದಪ್ಪಕ್ಷರದ ಟ್ಯಾಗ್ ಒಳಗೆ ಉಳಿಯಿತು, ಗುಡಿಸು ಹೊರಗೆ ಅನಾಥವಾಯಿತು. ಆಸರೆಗೆ ಅಕ್ಷರವಿಲ್ಲದ ಸ್ವರಚಿಹ್ನೆಗೆ ಅಕ್ಷರ ಜೋಡಿಸುವ ತಂತ್ರಾಂಶ ವೃತ್ತವನ್ನು ಹಾಕುತ್ತದೆ. ಇಂಥಲ್ಲಿ ಇಡೀ ಪದವನ್ನೇ ನಕ್ಷತ್ರಗಳೊಳಗೆ ಇಡದೆ ಬೇರೆ ದಾರಿಯಿಲ್ಲ: `**ಹೆಸರಿಗೆ**`.

ಹುಡುಕಲು, ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಲ್ಲ ಯಾವ ಎಡಿಟರ್ ಆದರೂ ಸಾಕು:

`[’”"')]\*\*[ಅ-ಹ]`

ಮುಚ್ಚುವ ಚಿಹ್ನೆ, ಎರಡು ನಕ್ಷತ್ರ, ತಕ್ಷಣ ಕನ್ನಡ ಅಕ್ಷರ ಇರುವ ಜಾಗಗಳೆಲ್ಲ ಸಿಗುತ್ತವೆ. ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ಮಾತ್ರ ಒತ್ತಬೇಡಿ. ನೇರ ಉದ್ಧರಣ ಚಿಹ್ನೆಗೆ ತೆರೆಯುವ, ಮುಚ್ಚುವ ಭೇದವಿಲ್ಲ. ಹಾಗಾಗಿ ಸರಿಯಾಗಿರುವ `"**ಪದ**"` ಕೂಡ ಬಲೆಗೆ ಬೀಳುತ್ತದೆ. ಒಂದೊಂದಾಗಿ ನೋಡಿ ಮುಂದುವರಿಯಿರಿ.

ಮತ್ತೊಬ್ಬರು

ಇದೇ ಸಾಲಿಗೆ ಸೇರುವ ಇನ್ನೊಂದು ವಿಷಯ. `೧.` `೨.` ಎಂದು ಕನ್ನಡ ಅಂಕಿಗಳಲ್ಲಿ ಪಟ್ಟಿ ಮಾಡಿದರೆ ಅದು ಪಟ್ಟಿಯಾಗುವುದೇ ಇಲ್ಲ, ಸಾಲುಗಳೆಲ್ಲ ಒಂದೇ ಪ್ಯಾರಾದಲ್ಲಿ ಸೇರಿಕೊಳ್ಳುತ್ತವೆ. 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ನಿಯಮ ಗುರುತಿಸುತ್ತದೆ. `1.` ಎಂದೇ ಬರೆಯಿರಿ. ಪುಟದ ಮೇಲೆ ಕನ್ನಡ ಅಂಕಿ ಬೇಕಿದ್ದರೆ, ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಪಟ್ಟಿಯ ಶೈಲಿಗೆ `kannada` ಎಂಬ ಮೌಲ್ಯವೇ ಇದೆ.

ತದ್ವಿರುದ್ಧ ಅಪಾಯವೂ ಉಂಟು. ಪ್ಯಾರಾ `1983. ಆ ವರ್ಷ` ಎಂದು ಆರಂಭವಾದರೆ ಅದು ಪಟ್ಟಿಯ ಅಂಶವಾಗಿಬಿಡುತ್ತದೆ; ಮೂಲ ಮಾರ್ಕ್‌ಡೌನ್‌ನಲ್ಲಂತೂ 1983 ಹೋಗಿ 1 ಎಂದು ಬರುತ್ತದೆ. ಚುಕ್ಕಿಯ ಹಿಂದೆ ಓರೆಗೆರೆ ಹಾಕಿ: `1983\.` ಇಸವಿಯನ್ನು ಕನ್ನಡ ಅಂಕಿಗಳಲ್ಲಿ ಬರೆಯುವವರಿಗೆ ಈ ಕಾಟವಿಲ್ಲ. ಅಷ್ಟರ ಮಟ್ಟಿಗೆ ಆ ಕೊರತೆಯೇ ಉಪಕಾರ!

ಪ್ರಶ್ನೆ ಕೇಳಿದವರು

ಹುಡುಕಾಟದಲ್ಲಿ ಸಿಕ್ಕವನ್ನೆಲ್ಲ ಸರಿಪಡಿಸಿದೆ, ನಕ್ಷತ್ರಗಳು ಮಾಯವಾದವು. ಒಂದು ಲೇಖನದಲ್ಲಿ ಪದ್ಯವಿದೆ. ಪ್ರತಿ ಸಾಲಿನ ಕೊನೆಗೆ ಎರಡು ಸ್ಪೇಸ್ ಕೊಟ್ಟಿದ್ದೆ. ಈಗ ಸಾಲುಗಳೆಲ್ಲ ಗದ್ಯದ ಹಾಗೆ ಒಂದರ ಹಿಂದೊಂದು ಓಡುತ್ತಿವೆ. ಇದೂ ಪಾರ್ಸರ್ ಕೆಲಸವೇ?

ಉತ್ತರ

ಅಲ್ಲ, ಎರಡು ಸ್ಪೇಸ್ ನಿಯಮ ಹಳೆಯದರಲ್ಲೂ ಹೊಸದರಲ್ಲೂ ಒಂದೇ. ಕಡತವನ್ನು ಉಳಿಸುವಾಗ ಸಾಲಿನ ಕೊನೆಯ ಖಾಲಿ ಜಾಗವನ್ನು ಅಳಿಸುವ ಆಯ್ಕೆ ನಿಮ್ಮ ಎಡಿಟರ್‌ನಲ್ಲಿ ಚಾಲೂ ಇರಬೇಕು. ಹುಡುಕಿ ತಿದ್ದಿ ಉಳಿಸಿದಾಗ ಆ ಸ್ಪೇಸ್‌ಗಳೂ ಹೋಗಿರುತ್ತವೆ. ಮಾರ್ಕ್‌ಡೌನ್ ಕಡತಗಳಿಗೆ ಆ ಆಯ್ಕೆಯನ್ನು ತೆಗೆದುಹಾಕಿ. ಅಥವಾ ಸ್ಪೇಸ್ ಬದಲು ಸಾಲಿನ ಕೊನೆಗೆ `\` ಹಾಕಿ. ಕಣ್ಣಿಗೆ ಕಾಣುವ ಗುರುತಾದ್ದರಿಂದ ಯಾರೂ ಗೊತ್ತಿಲ್ಲದೆ ಅಳಿಸುವುದಿಲ್ಲ. ಇದು ಕಾಮನ್‌ಮಾರ್ಕ್ ಸೇರಿಸಿದ ಸೌಲಭ್ಯ, ಮೂಲ ಮಾರ್ಕ್‌ಡೌನ್‌ನಲ್ಲಿ ಇರಲಿಲ್ಲ. ಆದ್ದರಿಂದ ನಿಮ್ಮ ಮುನ್ನೋಟದಲ್ಲಿ ಓರೆಗೆರೆಗಳು ಹಾಗೆಯೇ ಕಂಡರೆ ಗಾಬರಿಯಾಗಬೇಡಿ, ಹೊಸ ಆವೃತ್ತಿಯಿಂದ ಹೊರಬಂದ ಪುಟವನ್ನೇ ತೆರೆದು ನೋಡಿ.